ಇನ್ನೂರ ಹನ್ನೆರಡು ತಿದ್ದುಪಡಿ

ಒಲೆ ಆರಿಸಿದ ಮೇಲೆ ಚಿಕ್ಕಮ್ಮ ಬರ್ನರಿನ ಮೇಲೆ ಅಂಗೈ ಹಿಡಿದು ನೋಡುತ್ತಿದ್ದಳು. ಆರಿದೆ ಎಂದು ಖಾತ್ರಿಯಾದ ಮೇಲೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು. ಬಾಗಿಲ ಚಿಲಕಕ್ಕೆ ಒಂದು ಹಾಳೆ, ನಲ್ಲಿಗೆ ಒಂದು, ತನ್ನ ರಕ್ತದೊತ್ತಡದ ಮಾತ್ರೆಗೆ ಒಂದು. ಮೂರು ವಾರದಲ್ಲಿ ಅಡುಗೆಮನೆಯ ಗೋಡೆ ಗೀಟುಗಳಿಂದ ತುಂಬಿಹೋಗಿತ್ತು. ಮೂವತ್ತೊಂದು ವರ್ಷ ಆಸ್ಪತ್ರೆಯ ದಾಖಲೆ ಕೌಂಟರಿನಲ್ಲಿ ಕೂತು, ಬಂದವರ ಹೆಸರು, ವಯಸ್ಸು, ಹಳೆಯ ಕಾಯಿಲೆ ಎಲ್ಲವನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಹೆಂಗಸು ಈಗ ತನ್ನ ಕೈಯನ್ನೇ ನಂಬುತ್ತಿರಲಿಲ್ಲ.

"ಬಿಡು ಚಿಕ್ಕಮ್ಮ, ನಾನು ನೋಡ್ಕೋತೀನಿ," ಎಂದು ಅಕ್ಕನ ಮಗಳು ಹೇಳಿದರೆ, "ಬೇಡ ಕಣೆ ಗುಬ್ಬಿ. ಒಬ್ಬರ ಪ್ರಾಣ ತೆಗೆದದ್ದು ಸಾಕು, ಇನ್ನು ಇಡೀ ಕಟ್ಟಡಕ್ಕೆ ಬೆಂಕಿ ಇಡೋದು ಬೇಡ," ಎನ್ನುತ್ತಿದ್ದಳು. ನಗುನಗುತ್ತಲೇ ಹೇಳುತ್ತಿದ್ದಳು. ಆ ನಗು ಕಂಡರೆ ಗುಬ್ಬಿ ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದಳು.

ಗುಬ್ಬಿ ಎಂದು ಕರೆಯುವುದು ಚಿಕ್ಕಮ್ಮ ಒಬ್ಬಳೇ. ಮೂವತ್ತನಾಲ್ಕು ವರ್ಷದ, ಕನ್ನಡಕ ಹಾಕಿದ, ಯಾರ ತಂಟೆಗೂ ಹೋಗದ ಹೆಂಗಸಿಗೆ ಆ ಹೆಸರು ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ಚಿಕ್ಕಮ್ಮ ಜಗಳಕ್ಕೇ ನಿಲ್ಲುತ್ತಿದ್ದಳು. ಗುಬ್ಬಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ಕೈ ತೊಳೆದುಕೊಂಡ. ಅಕ್ಕನ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದ ಚಿಕ್ಕಮ್ಮ ತನ್ನ ಮದುವೆಯ ಮಾತನ್ನು ಅಲ್ಲಿಗೇ ಬಿಟ್ಟಳು. ಓದಿಸಿದಳು, ಕೊನೆಗೆ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೂ ಹಚ್ಚಿದಳು. ಎಕ್ಸ್‌ರೇ ಕೋಣೆಯ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಗುಬ್ಬಿ ಕೂರುತ್ತಿದ್ದಳು. ಅಲ್ಲಿ ಅವಳು ಕಂಪ್ಯೂಟರ್ ಮೇಡಂ. ಪ್ರಿಂಟರು ಕಾಗದ ಕಚ್ಚಿಕೊಂಡರೂ ಅವಳನ್ನೇ ಕರೆಯುತ್ತಿದ್ದರು, ಫ್ಯಾನು ತಿರುಗದಿದ್ದರೂ ಅವಳನ್ನೇ ಕರೆಯುತ್ತಿದ್ದರು.

ಸತ್ತವನು ಬೀಗ ರಿಪೇರಿಯವನು. ಮೊದಲ ಸಲ ಜ್ವರ ಎಂದು ಬಂದು ಎರಡು ದಿನ ಇದ್ದು ಹೋಗಿದ್ದ. ಆಗ ಅವನ ಹೆಂಡತಿ ಕೌಂಟರಿಗೆ ಬಂದು, "ನಮ್ಮೋರಿಗೆ ಪೆನಿಸಿಲಿನ್ ಆಗಲ್ಲಮ್ಮ, ಚಿಕ್ಕೋರಿದ್ದಾಗ ಮುಖ ಊದ್ಕೊಂಡು ಸಾಯೋ ಹಾಗಾಗಿತ್ತಂತೆ, ಬರ್ಕೊಳಿ," ಎಂದು ಚಿಕ್ಕಮ್ಮನಿಗೆ ಹೇಳಿದ್ದಳು. ಮೂರು ವಾರದ ಮೇಲೆ ಅಂಗಾಲಿಗೆ ತುಕ್ಕು ಹಿಡಿದ ತಗಡು ಹೊಕ್ಕಿತೆಂದು ಅವನು ಒಬ್ಬನೇ ಕುಂಟುತ್ತ ಬಂದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಡಾಕ್ಟರು ಇಂಜೆಕ್ಷನ್ ಬರೆದರು. ಔಷಧಿ ಕಿಟಕಿಯ ಕಂಪೌಂಡರು ಅವನ ನಂಬರು ಹಾಕಿ ಪರದೆ ನೋಡಿ, ತಮ್ಮ ಅಭ್ಯಾಸದಂತೆ ಗಟ್ಟಿಯಾಗಿ, "ಅಲರ್ಜಿ, ಏನೂ ಇಲ್ಲ," ಎಂದು ಎರಡು ಸಲ ಓದಿ ಸೀಸೆ ಕೊಟ್ಟರು. ನರ್ಸು ಚುಚ್ಚಿದಳು. ಇಪ್ಪತ್ತು ನಿಮಿಷದಲ್ಲಿ ಮನುಷ್ಯ ಹೋದ.

ಹೆಂಡತಿ ಬಂದು ಎದೆ ಬಡಿದುಕೊಂಡು ಕೇಳಿದ್ದು ಒಂದೇ: "ಹೇಳಿದ್ನಲ್ಲಮ್ಮ ನಿಮಗೆ? ಬರ್ಕೊಂಡ್ರಿ ತಾನೆ?"

ಚಿಕ್ಕಮ್ಮ ಬಾಯಿ ತೆರೆದಳು. ಬರೆದುಕೊಂಡೆ ಎಂದೇ ಹೇಳಬೇಕೆಂದಿದ್ದಳು. ಆದರೆ ಕಂಪೌಂಡರು ಪರದೆಯಲ್ಲಿ ಏನೂ ಇರಲಿಲ್ಲ ಎನ್ನುತ್ತಿದ್ದರು, ಮತ್ತು ಕಂಪೌಂಡರು ಸುಳ್ಳು ಹೇಳುವವರಲ್ಲ. ದಿನಕ್ಕೆ ನೂರೈವತ್ತು ಜನ ಬರುವ ಕೌಂಟರು, ವಯಸ್ಸು ಐವತ್ತೊಂಬತ್ತು. "ಮರೆತಿರಬೇಕು," ಎಂದುಬಿಟ್ಟಳು. ತಪ್ಪೊಪ್ಪಿಕೊಂಡವರು ಸಿಕ್ಕಿದ ಮೇಲೆ ಹುಡುಕುವ ಶ್ರಮ ಯಾರಿಗೆ ಬೇಕು? ಡಾಕ್ಟರು ಉಸಿರು ಬಿಟ್ಟರು, ನರ್ಸು ಉಸಿರು ಬಿಟ್ಟಳು, ಆಸ್ಪತ್ರೆಯೇ ಉಸಿರು ಬಿಟ್ಟಿತು. ಚಿಕ್ಕಮ್ಮನನ್ನು ಅಮಾನತು ಮಾಡಿ ವಿಚಾರಣೆಗೆ ದಿನ ಗೊತ್ತುಮಾಡಿದರು. ಪೊಲೀಸು ಕೇಸು ಆಗುವುದೂ ಬಿಡುವುದೂ ಆ ವಿಚಾರಣೆಯ ಮೇಲೆ ನಿಂತಿತ್ತು.

ಗುಬ್ಬಿ ಮರುದಿನವೇ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಬೀಗದವನ ದಾಖಲೆ ತೆರೆದು ನೋಡಿದ್ದಳು. ಅಲರ್ಜಿಯ ಜಾಗ ಖಾಲಿ. ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ. ಚಿಕ್ಕಮ್ಮನಿಗೆ ವಯಸ್ಸಾಯಿತು, ನಾನೇ ಗಮನಿಸಬೇಕಿತ್ತು ಎಂದುಕೊಂಡಳು. ಅಂದಿನಿಂದ ಮನೆಯಲ್ಲಿ ಗೀಟು ಎಳೆಯುವುದನ್ನು ನೋಡುತ್ತ ಸುಮ್ಮನಿದ್ದಳು. ಒಂದು ದಿನವೂ, ಇಲ್ಲ ಚಿಕ್ಕಮ್ಮ ನೀನು ಮರೆತಿರಲಾರೆ, ಎಂದು ಅವಳ ಬಾಯಿಂದ ಬರಲಿಲ್ಲ. ಈ ಮಾತು ಆಮೇಲೆ ಅವಳನ್ನು ಬಹಳ ಕಾಡಿತು.

ವಿಚಾರಣೆಗೆ ಇನ್ನು ಎರಡು ದಿನವಿತ್ತು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಕೌಂಟರಿನ ಹೊಸ ಗುಮಾಸ್ತ ಚೀಟಿಯ ಪ್ರಿಂಟರು ಹಿಡಿದುಕೊಂಡು ಗುಬ್ಬಿಯ ಕೋಣೆಗೆ ಬಂದ. ಚಿಕ್ಕಮ್ಮನ ಕುರ್ಚಿಯಲ್ಲಿ ಈಗ ಕೂರುತ್ತಿದ್ದವನು ಅವನೇ. ನಾಲ್ಕು ಮಾತಾಡಿದರೆ ಮೂರು ತಮಾಷೆಯೇ ಇರುವ ಆಸಾಮಿ.

"ಮೇಡಂ, ನಮ್ಮ ಆಸ್ಪತ್ರೆಗೆ ದೆವ್ವಗಳೂ ಬಂದು ಅಡ್ಮಿಟ್ ಆಗ್ತಿವೆ, ಗೊತ್ತಾ?"

"ಏನ್ರೀ ಅದು?"

"ನಂಬರು ಹಾರುತ್ತೆ. ಬೆಳಗ್ಗೆ ಒಬ್ಬರಿಗೆ ಐದು ಸಾವಿರದ ಆರುನೂರ ನಲವತ್ತು ಕೊಟ್ಟೆ. ಮುಂದಿನವರಿಗೆ ನಲವತ್ತೆರಡು ಬಂತು. ನಲವತ್ತೊಂದು ಯಾರು? ಯಾರೂ ಇಲ್ಲ. ಮುಂಚೆಯಿಂದ್ಲೂ ಹಿಂಗೇ ಅಂತೆ. ನಿಮ್ಮ ಚಿಕ್ಕಮ್ಮ ಅದಕ್ಕೆ ಖಾಲಿ ಚೀಟಿ ಬರೆದು ಇಟ್ಕೋತಿದ್ರಂತೆ."

ಅವನು ನಕ್ಕು ಹೋದ. ಗುಬ್ಬಿಗೆ ನಗು ಬರಲಿಲ್ಲ. ಆ ನಂಬರು ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಆ ಲೆಕ್ಕ ಬರೆದವಳು ಅವಳೇ.

ಆಸ್ಪತ್ರೆಯ ರೋಗಿಗಳೆಲ್ಲ ಒಂದೇ ಫೈಲಿನಲ್ಲಿದ್ದರು. ಒಬ್ಬೊಬ್ಬರಿಗೂ ಇನ್ನೂರು ಅಕ್ಷರದ ಜಾಗ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾರದಾದರೂ ದಾಖಲೆ ಬೇಕಾದರೆ ಅವರ ನಂಬರನ್ನು ಇನ್ನೂರರಿಂದ ಗುಣಿಸಿ ಫೈಲಿನೊಳಗೆ ಅಷ್ಟು ದೂರ ಜಿಗಿದರಾಯಿತು; ಮೊದಲಿನಿಂದ ಓದಿಕೊಂಡು ಬರಬೇಕಾಗಿಲ್ಲ. ತೆರೆದ ಫೈಲಿನಲ್ಲಿ ಕಾಣದ ಬೆರಳೊಂದು ಇರುತ್ತದೆ ಎಂದುಕೊಳ್ಳಿ. ಬೆರಳು ಎಲ್ಲಿದೆಯೋ ಅಲ್ಲಿಂದ ಓದು, ಅಲ್ಲಿಂದಲೇ ಬರಹ. ಆ ಬೆರಳನ್ನು ಬೇಕಾದಲ್ಲಿಗೆ ಸರಿಸಲು ಸ್ಕ್ರಿಪ್ಟಿನಲ್ಲಿ, ಅಂದರೆ ಕಂಪ್ಯೂಟರಿಗೆ ಅವಳು ಬರೆದಿಟ್ಟ ಆಜ್ಞೆಗಳ ಪಟ್ಟಿಯಲ್ಲಿ, ಒಂದು ಸಾಲು ಸಾಕು. ಹೊಸ ರೋಗಿ ಬಂದರೆ ಫೈಲಿನ ಉದ್ದವನ್ನು ಇನ್ನೂರರಿಂದ ಭಾಗಿಸಿ ಬಂದದ್ದೇ ಹೊಸ ನಂಬರು. ಅಂದ ಮೇಲೆ ಒಂದು ನಂಬರು ಹಾರಿತು ಎಂದರೆ, ಫೈಲಿನ ಕೊನೆಯಲ್ಲಿ ಯಾರೋ ಹೋಗಿ ಕೂತಿದ್ದಾರೆ ಎಂದೇ ಅರ್ಥ.

ಯಾರು ಆ ದೆವ್ವ ನೋಡೋಣ ಎಂದು ಗುಬ್ಬಿ ಐದು ಸಾವಿರದ ಆರುನೂರ ನಲವತ್ತೊಂದನೆಯ ಜಾಗಕ್ಕೆ ಹೋದಳು. ಅಲ್ಲಿ ಒಬ್ಬ ಬಸುರಿ ಇದ್ದಳು. ಅವಳ ಸ್ವಂತ ನಂಬರು ಐದು ಸಾವಿರದ ಆರುನೂರ ಎರಡು. ಆ ದಿನ ಬೆಳಗ್ಗೆ ಅವಳ ದಾಖಲೆಗೆ ಒಂದು ತಿದ್ದುಪಡಿ ಆಗಿತ್ತು: ರಕ್ತದ ಗುಂಪು ತಪ್ಪಾಗಿದೆ, ಇದು ಸರಿ. ಗುಬ್ಬಿ ಅವಳ ಸ್ವಂತ ಜಾಗಕ್ಕೆ ಜಿಗಿದಳು. ಅಲ್ಲಿ ಹಳೆಯ ತಪ್ಪು ಗುಂಪೇ ಇತ್ತು.

ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು, ಮತ್ತೆ ಕೂತಳು. ದಾಖಲೆ ತಿದ್ದುವಾಗ ಓಡುವ ತನ್ನದೇ ಸ್ಕ್ರಿಪ್ಟನ್ನು ತೆರೆದಳು. ಮೂವತ್ತು ಸಾಲೂ ಇರಲಿಲ್ಲ. ಆರನೆಯ ಸಾಲಿನಲ್ಲಿ ಫೈಲು ತೆರೆಯುವ ಆಜ್ಞೆ, ಅದರ ಕೊನೆಯಲ್ಲಿ ಫೈಲನ್ನು ಯಾವ ರೀತಿ ತೆರೆಯಬೇಕು ಎಂದು ಹೇಳುವ ಗುರುತು.

ಎರಡು ವರ್ಷದ ಹಿಂದೆ ಅವಳು ಒಂದು ಎಡವಟ್ಟು ಮಾಡಿದ್ದಳು. ಇನ್ನೊಂದು ಫೈಲನ್ನು, ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಬರೆಯುವ ರೀತಿಯಲ್ಲಿ ತೆರೆದುಬಿಟ್ಟಿದ್ದಳು. ಒಂದು ವಾರ್ಡಿನ ಬೆಳಗಿನ ಪಟ್ಟಿ ಗಾಳಿಗೆ ಹೋಯಿತು. ದಾಖಲೆ ವಿಭಾಗದ ಮುಖ್ಯಸ್ಥರು ನಾಲ್ಕು ಜನರ ಮುಂದೆ, "ನಿಮ್ಮ ಕೈಗೆ ಫೈಲು ಕೊಡೋದೂ ಒಂದೇ, ಚಿಕ್ಕ ಮಕ್ಕಳ ಕೈಗೆ ಕತ್ತರಿ ಕೊಡೋದೂ ಒಂದೇ," ಎಂದು ಮುಖದ ನೀರಿಳಿಸಿದ್ದರು. ಆ ಸಂಜೆಯೇ ಅವಳು ತನ್ನ ಎಲ್ಲ ಸ್ಕ್ರಿಪ್ಟುಗಳಲ್ಲೂ ಫೈಲನ್ನು 'ಸೇರಿಸುವ' ರೀತಿಯಲ್ಲಿ ತೆರೆಯುವಂತೆ ಬದಲಾಯಿಸಿದಳು. ಆ ರೀತಿಯಲ್ಲಿ ತೆರೆದರೆ ಇದ್ದದ್ದು ಎಂದೂ ಅಳಿಯುವುದಿಲ್ಲ. ಆದರೆ ಅದಕ್ಕೊಂದು ಗುಣವಿದೆ. ಬೆರಳನ್ನು ಎಲ್ಲಿಗೆ ಬೇಕಾದರೂ ಸರಿಸಿ, ಓದು ಅಲ್ಲಿಂದಲೇ ಆಗುತ್ತದೆ. ಬರೆಯುವ ಹೊತ್ತಿಗೆ ಮಾತ್ರ ಅದು ಹೇಳದೆ ಕೇಳದೆ ಫೈಲಿನ ಕೊನೆಗೆ ಓಡಿಹೋಗುತ್ತದೆ. ತಪ್ಪಾಯಿತೆಂದು ಒಂದು ಸೊಲ್ಲೂ ಎತ್ತುವುದಿಲ್ಲ. ಪರದೆಯ ಮೇಲೆ 'ಉಳಿಸಲಾಗಿದೆ' ಎಂದು ಬರುತ್ತದೆ, ಉಳಿದಿರುವುದೂ ನಿಜವೇ, ಯಾರೂ ಓದದ ಜಾಗದಲ್ಲಿ. ಗುಬ್ಬಿ ಇದನ್ನು ಯಾವತ್ತೋ ಓದಿದ್ದಳು. ಬೈಸಿಕೊಂಡ ಸಿಟ್ಟಿನಲ್ಲಿ, ಹೆದರಿಕೆಯಲ್ಲಿ, ನೆನಪಾಗಲಿಲ್ಲ.

ಬೀಗದವನನ್ನು ಹುಡುಕಿದಳು. ಐದು ಸಾವಿರದ ನಾನೂರ ಹದಿನೆಂಟು ಅವನ ನಂಬರು. ಯಾರಿಗೂ ಕೊಡದ ಐದು ಸಾವಿರದ ನಾನೂರ ಮೂವತ್ತೊಂದರಲ್ಲಿ ಅವನು ಇನ್ನೊಮ್ಮೆ ಕೂತಿದ್ದ: 'ಪೆನಿಸಿಲಿನ್ ಕೊಡಬಾರದು'. ಪಕ್ಕದಲ್ಲಿ ತಾರೀಖು, ಚಿಕ್ಕಮ್ಮನ ಗುರುತಿನ ಸಂಖ್ಯೆ. ಹೆಂಡತಿ ಹೇಳಿದ ದಿನವೇ ಬರೆದದ್ದು. ಚಿಕ್ಕಮ್ಮ ಮರೆತಿರಲಿಲ್ಲ. ಗುಬ್ಬಿ ಪರದೆಗೆ ಹಣೆ ಹಚ್ಚಿ ಅತ್ತಳು. ಸಂತೋಷಕ್ಕೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ. ಚಿಕ್ಕಮ್ಮನನ್ನು ಹುಚ್ಚಿಯ ಹಾಗೆ ಗೋಡೆಗೆ ಗೀಟೆಳೆಯಲು ಕೂರಿಸಿದವಳು ತಾನು. ಆ ಮನುಷ್ಯನನ್ನು ಕೊಂದವಳೂ ತಾನು.

ಇಂಥವು ಎಷ್ಟಿವೆ ಎಂದು ಎಣಿಸಲು ನಾಲ್ಕು ಸಾಲು ಬರೆದಳು. ಇನ್ನೂರ ಹನ್ನೆರಡು. ಎರಡು ವರ್ಷದಿಂದ ಜನ ಬಂದು ತಿದ್ದಿಸಿ ಹೋದದ್ದೆಲ್ಲ ಅಲ್ಲಿ ಸಾಲಾಗಿ ಕೂತಿತ್ತು. ಫೋನ್ ನಂಬರು ಬದಲಾಗಿಲ್ಲವೆಂದು ಬೈದುಕೊಂಡು ಮತ್ತೆ ಬರೆಸಿದವರು, ಹೆಸರು ತಪ್ಪಾಗಿದೆಯೆಂದು ಮೂರು ಸಲ ಬಂದವರು, ಎಲ್ಲರೂ. ಅವರಲ್ಲಿ ಒಂಬತ್ತು ಮಂದಿ ಈ ಹೊತ್ತು ಮೇಲಿನ ವಾರ್ಡುಗಳಲ್ಲಿ ಮಲಗಿದ್ದರು. ಮೂರು ಗಂಟೆಗೆ ಔಷಧಿ ಕಿಟಕಿ ತೆರೆಯುತ್ತದೆ. ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

ಕಿಟಕಿ ಮುಚ್ಚಿಸಬಹುದಿತ್ತು. ಒಂದು ಫೋನು ಸಾಕಿತ್ತು. ಆದರೆ ಮುಚ್ಚಿಸಲು ಕಾರಣ ಹೇಳಬೇಕಿತ್ತು. ಗುಬ್ಬಿ ಫೋನು ಮುಟ್ಟಲಿಲ್ಲ, ಕೀಲಿಮಣೆಗೆ ಕೈ ಹಾಕಿದಳು. ಫೈಲು ತೆರೆಯುವ ರೀತಿಯನ್ನು ಸರಿಪಡಿಸಿದಳು. ಪ್ರತಿಯೊಂದು ತಿದ್ದುಪಡಿಯನ್ನೂ ಓದಿ, ಬೆರಳನ್ನು ಅದರ ಸ್ವಂತ ಜಾಗಕ್ಕೆ ಸರಿಸಿ, ಅಲ್ಲಿ ಬರೆದು, ಬಿಟ್ಟುಬಂದ ಜಾಗವನ್ನು ಬೋಳಾಗಿಸುವ ಸ್ಕ್ರಿಪ್ಟು ಬರೆದು ಓಡಿಸಿದಳು. ಹನ್ನೊಂದು ಸೆಕೆಂಡು ಹಿಡಿಯಿತು. ಬಸುರಿಯ ರಕ್ತದ ಗುಂಪು ಸರಿಯಾಯಿತು. ಮೂರು ಗಂಟೆಗೆ ಮೇಲಿನ ಮಹಡಿಯಿಂದ ಔಷಧಿ ಗಾಡಿಯ ಚಕ್ರದ ಸದ್ದು ಕೇಳಿದಾಗ ಅವಳಿಗೆ ಉಸಿರು ಬಂತು.

ನಾಲ್ಕು ದಾಟಿದ ಮೇಲೆ ಮುಖ ತೊಳೆಯಲು ಹೋದಾಗ, ನೀರು ಕೈಯಲ್ಲಿರುವಾಗಲೇ, ಹೊಳೆಯಿತು. ಬೀಗದವನೂ ಆ ಇನ್ನೂರ ಹನ್ನೆರಡರಲ್ಲಿ ಒಬ್ಬ. ಅವನ ತಿದ್ದುಪಡಿಯೂ ಈಗ ಅವನ ಸ್ವಂತ ಜಾಗದಲ್ಲಿ, ಹಳೆಯ ತಾರೀಖಿನೊಂದಿಗೆ, ಮೊದಲಿನಿಂದ ಅಲ್ಲೇ ಇದ್ದ ಹಾಗೆ ಕೂತಿದೆ. ಐದು ಸಾವಿರದ ನಾನೂರ ಮೂವತ್ತೊಂದು ಈಗ ಬೋಳು. ಈಗ ಯಾರು ತೆರೆದು ನೋಡಿದರೂ ಕಾಣುವುದು ಇಷ್ಟೇ: ಎಚ್ಚರಿಕೆ ಇತ್ತು, ಕಂಪೌಂಡರು ನೋಡಲಿಲ್ಲ. ಒಂದು ಪ್ರತಿ ತೆಗೆದಿಟ್ಟುಕೊಳ್ಳದೆ ಫೈಲಿಗೆ ಕೈ ಹಾಕಬೇಡಿ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು ತಾನೇ ಅವಸರದಲ್ಲಿ ತೆಗೆದಿಟ್ಟಿರಲಿಲ್ಲ.

ಆದರೂ ಒಂದು ದಾರಿ ಉಳಿದಿತ್ತು. ದಿನಾ ಸಂಜೆ ಆರಕ್ಕೆ ಫೈಲಿನ ಪ್ರತಿಯೊಂದು ತಾನಾಗಿಯೇ ಇನ್ನೊಂದು ಯಂತ್ರಕ್ಕೆ ಹೋಗಿ ಹಿಂದಿನ ದಿನದ ಪ್ರತಿಯನ್ನು ಅಳಿಸಿ ಕೂರುತ್ತಿತ್ತು. ಅಂದರೆ ನಿನ್ನೆಯ ಪ್ರತಿ, ಬೀಗದವನು ಎರಡು ಕಡೆ ಇರುವ ಪ್ರತಿ, ಇವತ್ತು ಆರರ ತನಕ ಅಲ್ಲೇ ಇರುತ್ತದೆ. ಅದನ್ನು ಎತ್ತಿಟ್ಟುಕೊಂಡರೆ ಇಡೀ ಸತ್ಯ ಕೈಯಲ್ಲಿರುತ್ತದೆ. ಗುಬ್ಬಿ ಎತ್ತಿಟ್ಟುಕೊಳ್ಳಬೇಕೆಂದೇ ಕೋಣೆಗೆ ಓಡಿದಳು.

ಕೋಣೆಯಲ್ಲಿ ಮುಖ್ಯಸ್ಥರು ನಿಂತಿದ್ದರು. ಕೈಯಲ್ಲಿ ಒಂದು ಹಾಳೆ, ಮುಖದಲ್ಲಿ ಎಂದೂ ಕಾಣದ ಕಳೆ. "ನೋಡ್ರೀ ಇಲ್ಲಿ! ವಿಚಾರಣೆಗೆ ಪ್ರಿಂಟ್ ಬೇಕು ಅಂತ ಈಗ ತೆಗೆದೆ. ನಿಮ್ಮ ಚಿಕ್ಕಮ್ಮ ಬರೆದಿದ್ದಾರೆ! ತಾರೀಖು ಸಮೇತ ಬರೆದಿದ್ದಾರೆ! ಪಾಪ, ಆ ಹೆಂಗಸನ್ನ ಸುಮ್ಮನೆ ಗೋಳು ಹುಯ್ಕೊಂಡ್ವಲ್ರೀ."

"ಸರ್, ಅದು..."

"ನಾನೇ ಫೋನ್ ಮಾಡಿ ಹೇಳಿದೆ. ಅಳ್ತಾ ಇದ್ರು. ನೀವೂ ಮಾತಾಡಿ."

ಫೋನು ಅಷ್ಟರಲ್ಲೇ ಬಡಿದುಕೊಂಡಿತು. "ಗುಬ್ಬೀ," ಎಂದಳು ಚಿಕ್ಕಮ್ಮ. ಆ ಧ್ವನಿಯನ್ನು ಗುಬ್ಬಿ ಮೂರು ವಾರದಿಂದ ಕೇಳಿರಲಿಲ್ಲ. "ನಾನು ಬರೆದಿದ್ದೆ ಕಣೆ! ನನ್ನ ತಲೆ ನೆಟ್ಟಗಿದೆ. ನನಗೇನೂ ಆಗಿಲ್ಲ. ಗೋಡೆ ಮೇಲಿನ ಹಾಳೆ ಎಲ್ಲ ಹರಿದು ಬಿಸಾಕಿದೆ ನೋಡು. ಬೇಗ ಬಾ ಮನೆಗೆ."

"ಬರ್ತೀನಿ ಚಿಕ್ಕಮ್ಮ," ಎಂದಳು ಗುಬ್ಬಿ.

ಮುಖ್ಯಸ್ಥರು ಹೋದರು. ನಾಲ್ಕೂವರೆ. ನಿನ್ನೆಯ ಪ್ರತಿಯನ್ನು ಎತ್ತಿಡಲು ಬೇಕಾದ ಆಜ್ಞೆಯನ್ನು ಗುಬ್ಬಿ ಬರೆದಳು, ಒತ್ತುವ ಗುಂಡಿಯೊಂದು ಬಾಕಿ ಇಟ್ಟುಕೊಂಡು ಕೂತಳು. ಒತ್ತಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಈಗ ತಾನೆ ಹಾಳೆ ಹರಿದು ಬಿಸಾಕಿದ ಹೆಂಗಸಿಗೆ, ನಿನ್ನನ್ನು ಹೀಗೆ ಮಾಡಿದ್ದು ನೀನೇ ಸಾಕಿದ ಮಗಳು, ಎಂದು ಹೇಳಬೇಕು. ಐದಾಯಿತು. ಎಕ್ಸ್‌ರೇ ಕೋಣೆಯವನು ಬಾಗಿಲು ಎಳೆದುಕೊಂಡು ಹೋದ. ಐದೂ ಮುಕ್ಕಾಲಾಯಿತು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದುಕೊಂಡಳು. ಆರಕ್ಕೆ ಯಂತ್ರದ ಹಸಿರು ದೀಪ ಒಮ್ಮೆ ಮಿಟುಕಿ ನಿಂತಿತು. ಅವಳು ಏನೂ ಮಾಡಿರಲಿಲ್ಲ. ಏನೂ ಮಾಡದೆ ಇದ್ದುದರಿಂದ ಎಲ್ಲವೂ ಆಗಿಹೋಗಿತ್ತು.

ಮನೆಗೆ ಹೋದಾಗ ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ, ಕೆಲಸಕ್ಕೆ ಹೋಗುವ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡುತ್ತ ಕೂತಿದ್ದಳು. ಗುಬ್ಬಿಗೆ ತಡೆಯಲಾಗಲಿಲ್ಲ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟಳು. ಎರಡು ವರ್ಷದ ಹಿಂದಿನ ಎಡವಟ್ಟು, ಹಾರಿದ ನಂಬರು, ಹನ್ನೊಂದು ಸೆಕೆಂಡು, ಆರು ಗಂಟೆ, ಒಂದನ್ನೂ ಬಿಡಲಿಲ್ಲ.

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ವೈರು ಕಿತ್ತಳು. ಇಸ್ತ್ರಿಯಾದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಮಡಿಸಿಟ್ಟಳು.

"ನಾನು ಬರೆದಿದ್ದೆ ತಾನೆ?" ಎಂದಳು ಕೊನೆಗೆ.

"ಬರೆದಿದ್ದೆ ಚಿಕ್ಕಮ್ಮ."

"ಅಷ್ಟು ಕೇಳಿಸ್ತು ನನಗೆ. ಉಳಿದದ್ದು ಕೇಳಿಸಲಿಲ್ಲ."

"ಕಂಪೌಂಡರು ಏನು ಮಾಡಬೇಕು? ಅವರದು ಏನೂ ತಪ್ಪಿಲ್ಲ."

"ಅವರಿಗೆ ರಿಟೈರ್ ಆಗೋಕೆ ಇನ್ನೊಂದು ವರ್ಷ ಇದೆ. ಮಕ್ಕಳಿಬ್ಬರೂ ಒಂದು ದಡ ಸೇರಿದ್ದಾರೆ. ನಿನಗೆ ಇನ್ನೂ ಇಡೀ ಬದುಕಿದೆ." ಹೇಳುವಾಗ ಚಿಕ್ಕಮ್ಮ ಅವಳ ಮುಖ ನೋಡಲಿಲ್ಲ, ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. "ನಾನು ಕೈಯಾರೆ ಸಾಕಿದ್ದು ನಿನ್ನನ್ನ ಒಬ್ಬಳನ್ನೇ ಕಣೆ. ನನ್ನ ಮುಂದೆ ನಿನ್ನನ್ನ ಪೊಲೀಸರು ಕರ್ಕೊಂಡು ಹೋಗೋದು ನೋಡಲಾರೆ. ಚಪ್ಪಲಿ ಬಿಟ್ಟು ಒಳಗೆ ಬಾ."

ಮೂವತ್ತೊಂದು ವರ್ಷ ಒಬ್ಬರ ವಯಸ್ಸನ್ನೂ ತಪ್ಪಾಗಿ ಬರೆಯದ ಹೆಂಗಸು ಹೇಳಿದ ಮಾತು ಇದು. ಗುಬ್ಬಿಗೆ ಅವಳ ಮೇಲೆ ಸಿಟ್ಟು ಬಂತು. ಅದರ ಹಿಂದೆಯೇ, ಸಿಟ್ಟಿಗಿಂತ ದೊಡ್ಡದಾಗಿ, ನೆಮ್ಮದಿಯೂ ಬಂತು. ಆ ನೆಮ್ಮದಿಗಾಗಿ ಅವಳು ತನ್ನನ್ನು ಆಮೇಲೆ ಎಂದೂ ಕ್ಷಮಿಸಿಕೊಳ್ಳಲಿಲ್ಲ. ಆದರೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ವಿಚಾರಣೆ ಎರಡನೆಯ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ ನಡೆಯಿತು. ವಿಚಾರಣೆ ಮಾಡುವವರು ನಿವೃತ್ತ ಡಾಕ್ಟರಮ್ಮ. ನರೆತ ತಲೆ, ಮೆತ್ತಗಿನ ಮಾತು. ಬೀಗದವನ ಹೆಂಡತಿ ಗೋಡೆಯ ಪಕ್ಕದ ಬೆಂಚಿನಲ್ಲಿ ಗಂಡನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನರ್ಸು ಬಂದು, ಕಂಪೌಂಡರು ಅಲರ್ಜಿ ಇಲ್ಲವೆಂದು ಗಟ್ಟಿಯಾಗಿ ಓದಿದ್ದು ತನ್ನ ಕಿವಿಗೇ ಬಿದ್ದಿತ್ತು ಎಂದಳು. ಮುಖ್ಯಸ್ಥರು ಪ್ರಿಂಟು ತೋರಿಸಿದರು. ಆಮೇಲೆ ಡಾಕ್ಟರಮ್ಮ ಗುಬ್ಬಿಯನ್ನು ಕರೆದರು.

"ಈ ದಾಖಲೇನ ಯಾರಾದ್ರೂ ಆಮೇಲೆ ಮುಟ್ಟಿರೋದಕ್ಕೆ ಸಾಧ್ಯ ಇದೆಯೇನಮ್ಮ? ನೀವು ತಿಳಿದವರು, ನಿಮ್ಮ ಮಾತೇ ಕೊನೆ."

ಕಂಪೌಂಡರು ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಕುತೂಹಲವಿತ್ತು. ಅವರಿಗೂ ತಿಳಿಯಬೇಕಿತ್ತು. ಹಿಂದಿನ ಕುರ್ಚಿಯಲ್ಲಿ ಚಿಕ್ಕಮ್ಮ ಒಮ್ಮೆ ಕೆಮ್ಮಿದಳು.

"ಇಲ್ಲ ಮೇಡಂ," ಎಂದಳು ಗುಬ್ಬಿ. "ಬರೆದ ದಿನದಿಂದ ಹಾಗೇ ಇದೆ."

ಹಾಳೆಯನ್ನು ಕಂಪೌಂಡರ ಕೈಗೆ ಕೊಟ್ಟರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಅಭ್ಯಾಸದಂತೆ ಗಟ್ಟಿಯಾಗಿ ಓದಿದರು. "ಪೆನಿಸಿಲಿನ್ ಕೊಡಬಾರದು." ಇನ್ನೊಮ್ಮೆ ಓದಿದರು.

"ಇದು ಅಲ್ಲಿ ಇದ್ದಿದ್ರೆ ನಾನು ಓದ್ತಿದ್ದೆ," ಎಂದರು. ಹಾಳೆಯನ್ನು ಮೇಜಿನ ಮೇಲಿಟ್ಟು, "ಇತ್ತು ಅಂತಾರೆ. ಹಾಗಾದ್ರೆ ನನಗೆ ಕಾಣಿಸಲಿಲ್ಲ," ಎಂದರು. ಬೆಂಚಿನ ಕಡೆ ತಿರುಗಿ ಕೈ ಮುಗಿದರು. ಬೀಗದವನ ಹೆಂಡತಿ ಮುಖ ತಿರುಗಿಸಿಕೊಂಡಳು.

ಮುಂದಿನ ಸೋಮವಾರ ಚಿಕ್ಕಮ್ಮ ತನ್ನ ಕೌಂಟರಿಗೆ ಮರಳಿದಳು. ಕಂಪೌಂಡರು ಅಮಾನತಾದರು. ಕೇಸು ಅವರ ಹೆಸರಿಗೆ ಬಿತ್ತು. ಔಷಧಿ ಕಿಟಕಿಯಲ್ಲಿ ಹೊಸಬನೊಬ್ಬ ಮೌನವಾಗಿ ಓದಿ ಮೌನವಾಗಿ ಕೊಡತೊಡಗಿದ. ಮನೆಯಲ್ಲಿ ಚಿಕ್ಕಮ್ಮನೂ ಗುಬ್ಬಿಯೂ ನೀರು ಬಂತಾ, ಬಸ್ಸು ಸಿಕ್ಕಿತಾ ಎನ್ನುವಷ್ಟನ್ನೇ ಮಾತಾಡುತ್ತಿದ್ದರು.

ಹತ್ತು ದಿನ ಕಳೆದು ಒಂದು ಬೆಳಗ್ಗೆ ಗುಬ್ಬಿಯ ಬಾಗಿಲು ಬಡಿದ ಸದ್ದಾಯಿತು. ಕಂಪೌಂಡರು. ಗಡ್ಡ ಬೆಳೆದಿತ್ತು. ಕೂರಿ ಎಂದರೂ ಕೂರಲಿಲ್ಲ.

"ಮೇಡಂ, ಕಣ್ಣಿನ ಡಾಕ್ಟರ ಹತ್ರ ಹೋಗಿ ಬಂದೆ. ಕಣ್ಣು ಸರಿ ಇದೆಯಂತೆ. ಅಂದ್ರೆ ತಲೇಲೇ ಏನೋ ಆಗಿದೆ. ಇರೋದು ಇಲ್ಲ ಅಂತ ಕಾಣ್ತಿದೆ ನನಗೆ." ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ದುಂಡನೆಯ ಅಕ್ಷರದಲ್ಲಿ ಸಾಲು ಸಾಲಾಗಿ ಹೆಸರು, ನಂಬರು, ಪಕ್ಕದಲ್ಲಿ ಔಷಧಿ. "ಎರಡು ವರ್ಷದಲ್ಲಿ ನನ್ನ ಕಿಟಕಿಯಿಂದ ಔಷಧಿ ತಗೊಂಡು ಆಮೇಲೆ ತೀರಿಕೊಂಡೋರು ಇವರು. ನಲವತ್ತಮೂರು ಜನ. ನನ್ನ ಡೈರಿ ನೋಡಿ ಬರೆದೆ. ಇವರಲ್ಲಿ ಇನ್ನೂ ಯಾರನ್ನಾದ್ರೂ ನಾನು ಹಾಗೇ... ನೀವು ಸ್ವಲ್ಪ ನೋಡಿ ಹೇಳಬೇಕು. ರಾತ್ರಿ ನಿದ್ದೆ ಬರ್ತಿಲ್ಲ."

ಗುಬ್ಬಿಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ. ಪರದೆಯನ್ನು ತನ್ನ ಕಡೆಗೆ ಸ್ವಲ್ಪ ತಿರುಗಿಸಿಕೊಂಡಳು. ಫೈಲು ತೆರೆದಳು, ಓದಲು ಮಾತ್ರ. ಮೊದಲ ನಂಬರಿನ ಜಾಗಕ್ಕೆ ಬೆರಳನ್ನು ಸರಿಸಿ ನೋಡಿದಳು. "ಇಲ್ಲ," ಎಂದಳು. ಅವರು ಪೆನ್ಸಿಲಿನಿಂದ ಆ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಉಸಿರು ಬಿಟ್ಟರು. ಎರಡನೆಯದು. ಅದರಲ್ಲೂ ಇರಲಿಲ್ಲ.

ಮೂರನೆಯದು ಒಬ್ಬ ಮುದುಕಿ, ಎಪ್ಪತ್ತೊಂದು ವರ್ಷ. ಕಂಪೌಂಡರ ಹಾಳೆಯಲ್ಲಿ ಅವಳಿಗೆ ಕೊಟ್ಟದ್ದು ಸಲ್ಫಾ ಮಾತ್ರೆ ಎಂದಿತ್ತು. ಪರದೆಯ ಮೇಲೆ, ಮಾತ್ರೆ ಕೊಟ್ಟ ದಿನಕ್ಕಿಂತ ಒಂದು ವಾರ ಹಿಂದಿನ ತಾರೀಖಿನಲ್ಲಿ, 'ಸಲ್ಫಾ ಕೊಡಬಾರದು' ಎಂದಿತ್ತು. ವಯಸ್ಸಾಗಿತ್ತು, ಹೋದಳು ಎಂದು ಆಗ ಯಾರೂ ಕೇಳಿರಲಿಲ್ಲ. ಆ ಸಾಲು ಅಲ್ಲಿಗೆ ಬಂದು ಇನ್ನೂ ಮೂರು ವಾರ ತುಂಬಿಲ್ಲವೆಂದು, ಅದನ್ನು ಹನ್ನೊಂದು ಸೆಕೆಂಡಿನಲ್ಲಿ ಅಲ್ಲಿ ಕೂರಿಸಿದವಳಿಗೆ ಗೊತ್ತಿತ್ತು. ಆ ಮುದುಕಿಯನ್ನು ಯಾರು ಕೊಂದರೆಂದು ಈಗ ಇಡೀ ಲೋಕದಲ್ಲಿ ಗೊತ್ತಿರುವುದೂ ಅವಳೊಬ್ಬಳಿಗೆ.

ಕಂಪೌಂಡರು ಪೆನ್ಸಿಲು ಹಿಡಿದು ಕಾಯುತ್ತಿದ್ದರು. "ಏನಿದೆ ಮೇಡಂ?"

"ಏನೂ ಇಲ್ಲ," ಎಂದಳು ಗುಬ್ಬಿ.

"ಇನ್ನೊಂದು ಸಲ ಓದಿ ನೋಡ್ತೀರಾ? ಎರಡು ಸಲ ಓದೋದು ಒಳ್ಳೇದು."

ಅವಳು ಇನ್ನೊಂದು ಸಲ ಓದಿದಳು. ಆ ಸಾಲು ಅಲ್ಲೇ ಇತ್ತು. "ಅಲರ್ಜಿ, ಏನೂ ಇಲ್ಲ," ಎಂದು ಗಟ್ಟಿಯಾಗಿಯೇ ಹೇಳಿದಳು.

ಅವರು ಮುದುಕಿಯ ಹೆಸರಿನ ಮೇಲೆ ಗೆರೆ ಎಳೆದರು. ಪಟ್ಟಿಯಲ್ಲಿ ಇನ್ನೂ ನಲವತ್ತು ಹೆಸರಿದ್ದವು. ಅವರು ಕುರ್ಚಿ ಎಳೆದುಕೊಂಡು ಕೂತು ನಾಲ್ಕನೆಯ ನಂಬರನ್ನು ಓದಿ ಹೇಳಿದರು.